ಎರಡು ಮಿಲಿಮೀಟರ್ ಸೂಟಿನಲ್ಲಿ ತಣ್ಣೀರಿಗೆ ಇಳಿದಿದ್ದು: ನನ್ನ ಅನುಭವ

ಕಳೆದ ಜೂನ್‌ನಲ್ಲಿ ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ 58 ನಿಮಿಷ ಈಜಿದೆ. ನೀರು 15.5 ಡಿಗ್ರಿ ಇತ್ತು. ಮೈಮೇಲಿದ್ದದ್ದು ಬರೀ ಎರಡು ಮಿಲಿಮೀಟರ್ ದಪ್ಪದ ವೆಟ್‌ಸೂಟ್, ತಣ್ಣೀರಿನಲ್ಲಿ ಈಜಲು ಹಾಕುವ ರಬ್ಬರ್ ಉಡುಪು. ಹೊರಗೆ ಬಂದ ತಕ್ಷಣ, ಚಳಿಗೆ ಬೆರಳು ಮರಗಟ್ಟಿದೆಯಾ ಅಂತ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ನೋಡಿದೆ. ಎರಡೂ ಕೈಯಲ್ಲಿ ಮುಟ್ಟಿತು. ಸ್ವಲ್ಪ ನಡುಕ ಬಂತು. ಒಂದು ಲೋಟ ಟೀ ಮುಗಿಯುವಷ್ಟರಲ್ಲಿ ಅದೂ ಹೋಯಿತು.

ಮೈಸೂರಿನ ನಮ್ಮ ಬೆಳಗಿನ ಈಜು ಬ್ಯಾಚಿನಲ್ಲಿ ಇದು ಆಗುತ್ತೆ ಅಂತ ಹೇಳಿದವರು ಒಬ್ಬರೂ ಇರಲಿಲ್ಲ. "ಮೇಡಂ, ಐದು ಮಿಲಿಮೀಟರ್ ತಗೊಳ್ಳಿ. ಎರಡು ಮಿಲಿಮೀಟರ್ ಸೂಟು ಬಿಸಿಲಿಗೆ ಮೈ ಸುಡದಿರಲಿ ಅಂತ ಹಾಕೋದು" ಅಂದರು ಒಬ್ಬರು. "ಹತ್ತು ನಿಮಿಷ ತಡೀಬಹುದು, ಹನ್ನೊಂದನೇ ನಿಮಿಷಕ್ಕೆ ನಿಮ್ಮನ್ನ ಎತ್ತಬೇಕಾಗುತ್ತೆ" ಅಂದರು ಇನ್ನೊಬ್ಬರು. ಇವರೆಲ್ಲ ಸಮುದ್ರದಲ್ಲಿ ಈಜಿ ಬಂದವರು. ಅವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ಆದರೆ ಅವರು ಯಾರೂ ತೆಳು ಸೂಟನ್ನು ಅಳೆದು ನೋಡಿದವರಲ್ಲ. ನಾನು ಒಂದೂವರೆ ವರ್ಷ ಅಳೆದೆ. ಅದಕ್ಕೇ ಬರೆಯುತ್ತಿದ್ದೇನೆ.

ತೆಳು ಸೂಟೇ ಬೇಕು ಅಂತ ಹಟ ಹಿಡಿಯಲು ಕಾರಣ ನನ್ನ ಬಲಭುಜ. ಕೆಲವು ವರ್ಷದ ಹಿಂದೆ ಅದು ಪೂರ್ತಿ ಹಿಡಿದುಕೊಂಡಿತ್ತು. ಜಡೆ ಹೆಣೆಯಲೂ ಕೈ ಹಿಂದೆ ಹೋಗುತ್ತಿರಲಿಲ್ಲ. ಈಜಿ ಈಜಿಯೇ ಅದನ್ನು ಸರಿಮಾಡಿಕೊಂಡೆ. ಗೆಳತಿಯ ಐದು ಮಿಲಿಮೀಟರ್ ಸೂಟನ್ನು ಒಂದು ದಿನ ಹಾಕಿ ನೋಡಿದೆ. ಪ್ರತಿ ಸಲ ಕೈ ಎತ್ತಿ ಮುಂದೆ ಚಾಚುವಾಗಲೂ ಯಾರೋ ಹಿಂದಿನಿಂದ ಎಳೆದ ಹಾಗೆ. ಕಾಲು ಗಂಟೆಗೆ ಭುಜ ಬೇಡ ಅಂದಿತು. ಒಂದು ಗಂಟೆ ಅಂದರೆ ಮೂರು ಸಾವಿರ ಸಲ ಕೈ ಎತ್ತಬೇಕು. ಆ ಸೂಟು ನನಗಲ್ಲ ಅನ್ನುವುದು ಅವತ್ತೇ ಗೊತ್ತಾಯಿತು.

ಇನ್ನೊಂದು ಮಾತು. ನಮ್ಮ ಊರಿನ ನೀರು ವರ್ಷದಲ್ಲಿ ಒಂಬತ್ತು ತಿಂಗಳು ಬೆಚ್ಚಗೇ ಇರುತ್ತೆ. ಐದು ಮಿಲಿಮೀಟರ್ ಹಾಕಿಕೊಂಡು ಇಲ್ಲಿ ಅಭ್ಯಾಸ ಮಾಡಲು ಆಗುವುದಿಲ್ಲ, ಬೆಂದುಹೋಗುತ್ತೇವೆ. ಪೆಟ್ಟಿಗೆಯಲ್ಲಿಟ್ಟು ಪರದೇಶದಲ್ಲಿ ಮೊದಲ ಸಲ ಹಾಕುವ ಸೂಟಿನಲ್ಲಿ ನನಗೆ ನಂಬಿಕೆ ಇಲ್ಲ. ತೆಳುವಾದದ್ದಾದರೆ ಡಿಸೆಂಬರ್, ಜನವರಿ, ಫೆಬ್ರವರಿ ಮೂರೂ ತಿಂಗಳು ಇಲ್ಲೇ ಹಾಕಿ ಈಜಬಹುದು.

ಈಜುವುದೆಲ್ಲಿ ಅನ್ನುವುದೇ ಮೈಸೂರಿನವರಿಗೆ ದೊಡ್ಡ ಪ್ರಶ್ನೆ. ಕುಕ್ಕರಹಳ್ಳಿ, ಕಾರಂಜಿ ಕೆರೆಗಳನ್ನು ದಡದಿಂದ ನೋಡಬೇಕು, ಅಷ್ಟೆ. ಕೆಆರ್‌ಎಸ್ ನೀರಿಗೆ ಇಳಿಯುವ ಹಾಗಿಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯಲ್ಲಿ ಸೆಳೆತ ಇದೆ, ಬಂಡೆಗಳಿವೆ, ರಂಗನತಿಟ್ಟಿನ ಕಡೆ ಮೊಸಳೆಗಳೂ ಇವೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೋಡಲು ಸಾಧು, ಬಿದ್ದರೆ ಹತ್ತಲು ಹಿಡಿ ಸಿಗುವುದಿಲ್ಲ. ಹುಡುಗಿಯಾಗಿದ್ದಾಗ ಈಜು ಕಲಿತ ಅಜ್ಜಿ ಊರಿನ ಬಾವಿಯಲ್ಲೂ ಒಂದು ಸಲ ಪ್ರಯತ್ನ ಮಾಡಿದೆ. ಬಾವಿ ನೀರು ಚಳಿಗಾಲದ ಬೆಳಗ್ಗೆ ಬೆಚ್ಚಗೇ ಇರುತ್ತೆ, ಅಲ್ಲಿ ಚಳಿ ಪರೀಕ್ಷೆ ಮಾಡಿ ಏನುಪಯೋಗ?

ಕೊನೆಗೆ ತೊಣ್ಣೂರು ಕೆರೆ ಆರಿಸಿಕೊಂಡೆ. ಪಾಂಡವಪುರದ ಆಚೆ, ಮೈಸೂರಿನಿಂದ ಹೆಚ್ಚುಕಡಿಮೆ 40 ಕಿಲೋಮೀಟರ್. ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಹಳೇ ಕೆರೆ. ಮೋತಿ ತಲಾಬ್ ಅಂತಲೂ ಹೆಸರಿದೆ. ನೀರು ಮುತ್ತಿನಷ್ಟು ತಿಳಿ, ಹೆಸರು ಸುಳ್ಳಲ್ಲ. ಆದರೆ ಆಳ ಜಾಸ್ತಿ. ಒಬ್ಬರೇ ಇಳಿಯುವ ಜಾಗ ಅಲ್ಲವೇ ಅಲ್ಲ. ಮೀನು ಹಿಡಿಯುವ ಒಬ್ಬರನ್ನು ಗೊತ್ತುಮಾಡಿಕೊಂಡೆ. ಅವರು ತೆಪ್ಪ ಹಾಕುತ್ತಾರೆ, ತೆಪ್ಪದಲ್ಲಿ ನನ್ನ ತಂಗಿ ಮಗ ಕೂರುತ್ತಾನೆ. ಒಂದು ಸಲಕ್ಕೆ 300 ರೂಪಾಯಿ. ಬೆನ್ನ ಹಿಂದೆ ಕಿತ್ತಳೆ ಬಣ್ಣದ ಗಾಳಿ ಚೀಲ ಬೇರೆ ಕಟ್ಟಿಕೊಳ್ಳುತ್ತೇನೆ. ಮೊದಲ ದಿನ ಅವರು ನನ್ನನ್ನು ನೋಡಿ "ಇದೇನಕ್ಕಾ, ಲಾರಿ ಟ್ಯೂಬಲ್ಲಿ ಹೊಲಿಸ್ಕಂಡಿದ್ದೀರಾ?" ಅಂದರು. ಮುಟ್ಟಿ ನೋಡಿ, ಹಿಂಡಿ ನೋಡಿ, "ಚೆನ್ನಾಗದೆ ಬುಡಿ" ಅಂದರು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ಮೊದಲು ಕೊಂಡದ್ದು ತೆಳುವಾದದ್ದಲ್ಲ. ಎಲ್ಲರ ಮಾತಿಗೂ ಸ್ವಲ್ಪ ಬೆಲೆ ಕೊಡೋಣ ಅಂತ ಮೂರು ಮಿಲಿಮೀಟರ್ ಸರ್ಫಿಂಗ್ ಸೂಟ್ ಒಂದನ್ನು ಸೆಕೆಂಡ್‌ಹ್ಯಾಂಡ್ ತಗೊಂಡೆ. 4,500 ರೂಪಾಯಿ. ಮನೆಯಲ್ಲಿ ಹಾಕಿ ಕನ್ನಡಿ ಮುಂದೆ ನಿಂತರೆ ಮೈಗೆ ಅಂಟಿದ ಹಾಗೇ ಇತ್ತು. ಜನವರಿ ಮೊದಲ ಭಾನುವಾರ, ಬೆಳಗ್ಗೆ ಆರೂವರೆ, ತೊಣ್ಣೂರಿನ ನೀರು 21ರ ಆಸುಪಾಸು. ಈಜುಡುಗೆಯಲ್ಲೇ ಅಲ್ಲಿ ನಾನು ಅರ್ಧ ಗಂಟೆ ತಡೆಯುತ್ತಿದ್ದೆ. ಮೂರು ಮಿಲಿಮೀಟರ್ ಹಾಕಿ ಎಷ್ಟು ಹೊತ್ತು ಇದ್ದೆ ಗೊತ್ತಾ? ಮೂವತ್ತೈದು ನಿಮಿಷ. ಐದೇ ನಿಮಿಷ ಲಾಭ!

ಆಮೇಲೆ ನಡೆದದ್ದು ಇನ್ನೂ ಕೆಟ್ಟದು. ಮೇಲೆ ಬಂದು ಸೂಟಿನಲ್ಲೇ ಏರಿಯ ಮೇಲೆ ಕೂತೆ. ಗಾಳಿ ಬೀಸುತ್ತಿತ್ತು. ಆ ಸೂಟಿನ ಹೊರಮೈ ಬಟ್ಟೆಯದು, ನೀರು ಹೀರಿಕೊಂಡಿರುತ್ತೆ. ಗಾಳಿಗೆ ಅದು ಆರುತ್ತಾ ಆರುತ್ತಾ ಮೈಯ ಶಾಖವನ್ನೆಲ್ಲ ಎಳೆಯಿತು. ನೀರಿನಿಂದ ಬಂದಮೇಲೂ ಕಾಲು ಗಂಟೆ ಅರ್ಧ ಗಂಟೆ ಒಳಮೈ ತಣ್ಣಗಾಗುತ್ತಲೇ ಹೋಗುತ್ತೆ ಅನ್ನುವುದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಕೂತಿದ್ದು ನನ್ನ ತಪ್ಪು. ಹಲ್ಲು ಕಟಕಟ ಅನ್ನುತ್ತಿತ್ತು, ಫ್ಲಾಸ್ಕಿನ ಮುಚ್ಚಳ ತೆರೆಯಲು ಬೆರಳು ಬರಲಿಲ್ಲ. ತಂಗಿ ಮಗ ಹೆದರಿಬಿಟ್ಟ. ಅಂದಿನಿಂದ ನನ್ನದೊಂದು ನಿಯಮ. ದಡ ಮುಟ್ಟಿದ ಮೇಲೆ ಮಾತಿಲ್ಲ, ಫೋಟೋ ಇಲ್ಲ. ಸೂಟು ಸೊಂಟದವರೆಗೆ ಇಳಿಸು, ಮೈ ಒರೆಸು, ಟೋಪಿ ಸ್ವೆಟರ್ ಹಾಕು. ಕಾಲಿನ ಕಡೆ ಆಮೇಲೆ ನೋಡಿಕೊಂಡರಾಯಿತು.

ಇಷ್ಟು ದಪ್ಪ ಇದ್ದೂ ಯಾಕೆ ಚಳಿಯಾಯಿತು? ಇದು ತಲೆಯಲ್ಲಿ ಕೊರೆಯತೊಡಗಿತು. ತೊಣ್ಣೂರಿಗೆ ವಾರಕ್ಕೊಂದು ಸಲ ಮಾತ್ರ ಹೋಗಲು ಆಗುತ್ತಿತ್ತು, ಫೆಬ್ರವರಿ ಕೊನೆಗೆ ಅದೂ ಬೆಚ್ಚಗಾಯಿತು. ಹಾಗಾಗಿ ಮನೆಯಲ್ಲೇ ಚಳಿ ಮಾಡಿಕೊಳ್ಳಬೇಕಾಯಿತು. ತಾರಸಿಯಲ್ಲಿ ಬಿರುಕು ಬಿಟ್ಟ 500 ಲೀಟರಿನ ಹಳೇ ಸಿಂಟೆಕ್ಸ್ ಟ್ಯಾಂಕ್ ಇತ್ತು. ಅದರ ಮೇಲ್ಭಾಗ ಕೊಯ್ಸಿ, ಬಿರುಕಿಗೆ ಎಂಸೀಲ್ ಹಾಕಿ, ಹಿತ್ತಲಲ್ಲಿ ಇಟ್ಟೆ. 400 ಲೀಟರ್ ನೀರು, ನಾನು ಇಳಿದರೆ ಕುತ್ತಿಗೆವರೆಗೆ ಬರುತ್ತಿತ್ತು.

ಐಸ್ ವಿಷಯದಲ್ಲಿ ಮೊದಲ ದಿನ ಮೋಸಹೋದೆ. ಮೀನಂಗಡಿಯವರಿಂದ ಪುಡಿ ಐಸ್ 20 ಕಿಲೋ ತಂದೆ. 25 ಡಿಗ್ರಿ ಇದ್ದ ನೀರು 21ಕ್ಕೆ ಬಂದು ನಿಂತಿತು. ಆಮೇಲೆ ಕೂತು ಲೆಕ್ಕ ಹಾಕಿದೆ. 400 ಲೀಟರ್ ನೀರನ್ನು ಹತ್ತು ಡಿಗ್ರಿ ಇಳಿಸಲು ನಲವತ್ತು ಕಿಲೋಗಿಂತ ಸ್ವಲ್ಪ ಜಾಸ್ತಿ ಐಸ್ ಬೇಕು. ದಾರಿಯಲ್ಲಿ ಕರಗುವುದೂ ಸೇರಿದರೆ 50. ಅಷ್ಟೇ ತೂಕದ ಒಂದು ಗಡ್ಡೆಯನ್ನು ಐಸ್ ಫ್ಯಾಕ್ಟರಿಯಿಂದಲೇ ತರಿಸಿದೆ. ಗೋಣಿ ಸುತ್ತಿ, ಮರದ ಹೊಟ್ಟು ತುಂಬಿ ಕೊಡುತ್ತಾರೆ. ಗಡ್ಡೆಗೆ 250, ಆಟೋಗೆ 150. ಒಂದು ಪರೀಕ್ಷೆಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ. ಗಡ್ಡೆ ಹಾಕಿ ಕೈಬಿಟ್ಟರೆ ಮೇಲೊಂದು ಚಳಿ, ಕೆಳಗೊಂದು ಚಳಿ. ಹತ್ತು ನಿಮಿಷ ಕೋಲಿನಿಂದ ಕಲಕಲೇಬೇಕು.

ಅಳೆಯಲು ಮೀನಿನ ತೊಟ್ಟಿಗೆ ಹಾಕುವ ಡಿಜಿಟಲ್ ಥರ್ಮಾಮೀಟರ್ ಸಾಕು. ಉದ್ದ ವೈರಿನ ತುದಿಯಲ್ಲಿ ಪುಟ್ಟ ಗುಂಡಿಯಂಥದ್ದು ಇರುತ್ತೆ. 200 ರೂಪಾಯಿ. ಎರಡು ತಗೊಂಡೆ. ಒಂದು ಎದೆಯ ಮೇಲೆ, ಇನ್ನೊಂದು ಸೊಂಟದ ಮೇಲೆ, ಬೆನ್ನು ಒಳಬಾಗಿ ತಗ್ಗಾಗುವ ಜಾಗದಲ್ಲಿ. ಪ್ಲಾಸ್ಟರ್ ಹಾಕಿ ಚರ್ಮಕ್ಕೆ ಅಂಟಿಸಿ, ಮೇಲೆ ಸೂಟು. ವೈರನ್ನು ಕಾಲರಿನ ಮುಂದೆ ಹೊರತೆಗೆದು ಟೇಪ್ ಸುತ್ತಿದೆ. ಎರಡನ್ನೂ ಮೊದಲು ಒಂದೇ ಲೋಟದ ನೀರಿನಲ್ಲಿಟ್ಟು ನೋಡಿ. ನನ್ನವು ಅರ್ಧ ಡಿಗ್ರಿ ಬೇರೆ ಬೇರೆ ತೋರಿಸುತ್ತಿದ್ದವು. ಅದನ್ನು ಕಳೆದು ಬರೆದುಕೊಳ್ಳುತ್ತಿದ್ದೆ.

ಮೂರು ಮಿಲಿಮೀಟರ್ ಸೂಟು ಹಾಕಿ 16 ಡಿಗ್ರಿ ನೀರಿನಲ್ಲಿ ಕೂತೆ. ತಂಗಿ ಗಡಿಯಾರ ಹಿಡಿದು ಪಕ್ಕದಲ್ಲೇ ಇದ್ದಳು. ಇಪ್ಪತ್ತು ನಿಮಿಷ ಆದಮೇಲೂ ಎದೆ ಹತ್ತಿರ 28, ಬೆನ್ನಿನ ಹತ್ತಿರವೂ ಸುಮಾರು 28. ಆರಾಮಾಗಿದ್ದೆ. ಸೂಟಿನಲ್ಲಿ ಏನೂ ದೋಷ ಇಲ್ಲ ಅನ್ನಿಸಿತು. ಮುಂದಿನ ವಾರ ಇನ್ನೊಂದು ಗಡ್ಡೆ, ಅದೇ ಉತ್ತರ. ತೊಣ್ಣೂರಿನಲ್ಲಿ ನಡುಗಿಸಿದ ಸೂಟು ತೊಟ್ಟಿಯಲ್ಲಿ ಯಾಕೆ ಬೆಚ್ಚಗಿದೆ? ಎರಡು ತಿಂಗಳು ಇಲ್ಲೇ ಸಿಕ್ಕಿಕೊಂಡಿದ್ದೆ. ನಾಲ್ಕು ಗಡ್ಡೆ, 1,600 ರೂಪಾಯಿ ನೀರಿಗೆ ಹೋಯಿತು.

ಉತ್ತರ ಸಿಕ್ಕಿದ್ದು ಬೇಸರದಿಂದ. ಐದನೇ ಸಲ ಕೂತು ಕೂತು ಸಾಕಾಗಿ, ತೊಟ್ಟಿಯಲ್ಲೇ ಮಂಡಿಯೂರಿ ಮುಂದಕ್ಕೆ ಬಾಗಿ ಕೈ ಬೀಸತೊಡಗಿದೆ. ಫ್ರೀಸ್ಟೈಲ್ ಹೊಡೆತದ ಹಾಗೆ, ನಿಮಿಷಕ್ಕೆ ಐವತ್ತು. ಮೂರನೇ ನಿಮಿಷಕ್ಕೆ ಬೆನ್ನಿನ ಮೇಲೆ ತಣ್ಣನೆಯ ಎಳೆ ಒಂದು ಹರಿಯಿತು. "ಅಕ್ಕಾ, 25" ಅಂದಳು ತಂಗಿ. ಆಮೇಲೆ 23. ಹತ್ತು ನಿಮಿಷಕ್ಕೆ 20. ಎದೆ ಹತ್ತಿರದ್ದು ಮಾತ್ರ 27ರಿಂದ ಕೆಳಗೆ ಬರಲಿಲ್ಲ.

ಅಲ್ಲಿಗೆ ಗುಟ್ಟು ಬಿಟ್ಟುಕೊಂಡಿತು. ಕೈ ಎತ್ತಿದಾಗ ಬೆನ್ನಿನ ಆ ತಗ್ಗಿನಲ್ಲಿ ಸೂಟು ಚರ್ಮದಿಂದ ಏಳುತ್ತೆ, ಇಳಿಸಿದಾಗ ಒತ್ತುತ್ತೆ. ಹಳ್ಳಿಯ ಕುಲುಮೆಯ ತಿದಿಯ ಹಾಗೆ. ಪ್ರತಿ ಹೊಡೆತಕ್ಕೂ ಬೆಚ್ಚಗಾದ ನೀರನ್ನು ಹೊರಗೆ ತಳ್ಳಿ ತಣ್ಣೀರನ್ನು ಒಳಗೆ ಎಳೆಯುತ್ತೆ. ಹೀಗಿರುವಾಗ ಮೂರಲ್ಲ, ಏಳು ಮಿಲಿಮೀಟರ್ ಹಾಕಿದರೂ ಅಷ್ಟೇ. ಒಳಗಿನ ನೀರು ಬದಲಾಗದಿದ್ದರೆ ತೆಳುವಾದದ್ದೇ ಸಾಕು. ಕೂತು ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಈಗ ನನ್ನ ಕ್ರಮ ಇದು. ಹತ್ತು ನಿಮಿಷ ಅಲ್ಲಾಡದೆ ಕೂರಬೇಕು, ಅಂಕಿ ಬರೆಯಬೇಕು. ಹತ್ತು ನಿಮಿಷ ಕೈ ಬೀಸಬೇಕು, ಮತ್ತೆ ಬರೆಯಬೇಕು. ಎರಡರ ನಡುವಿನ ವ್ಯತ್ಯಾಸವೇ ಆ ಸೂಟಿನ ಜಾತಕ. ಎರಡು ಡಿಗ್ರಿ ಒಳಗಿದ್ದರೆ ಒಳ್ಳೆಯ ಸೂಟು. ನಾಲ್ಕು ದಾಟಿದರೆ ದುಡ್ಡು ಕೊಡಬೇಡಿ.

ನೀರು ಒಳಗೆ ಬರುವುದು ಯಾವ ಕಡೆಯಿಂದ ಅಂತ ನೋಡಲು ಇನ್ನೊಂದು ಉಪಾಯ ಮಾಡಿದೆ. ಬಿಳೀ ತೆಳು ಬನಿಯನ್ನಿಗೆ ಬಣ್ಣ ಹಚ್ಚಿ, ಅದರ ಮೇಲೆ ಸೂಟು ಹಾಕಿ ಕೈ ಬೀಸುವುದು. ನೀರು ಓಡಾಡಿದ ಕಡೆ ಬಣ್ಣ ತೊಳೆದುಹೋಗಬೇಕು, ಅಲ್ವಾ? ಮೊದಲು ಅರಿಶಿನ ಹಚ್ಚಿದೆ. ಅರಿಶಿನ ನೀರಿಗೆ ಬಿಡುವುದಿಲ್ಲ, ಬನಿಯನ್ ಹಾಗೇ ಇತ್ತು, ಸೂಟಿನ ಒಳಬಟ್ಟೆ ಮಾತ್ರ ಇವತ್ತಿಗೂ ಹಳದಿ. ಆಮೇಲೆ ದೇವರಾಜ ಮಾರುಕಟ್ಟೆಯಿಂದ ಬೀಟ್‌ರೂಟ್ ತಂದು ರುಬ್ಬಿ ಸೋಸಿ, ಆ ರಸದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದೆ. ಅದು ಕೆಲಸ ಮಾಡಿತು. ಬನಿಯನ್ ಬಿಚ್ಚಿ ಹಗ್ಗದ ಮೇಲೆ ಹರಡಿದರೆ ನಕ್ಷೆಯೇ ಸಿಕ್ಕಿತು. ಕಾಲರಿನ ಹಿಂಬದಿಯಿಂದ ಬೆನ್ನುಮೂಳೆಯುದ್ದಕ್ಕೂ ಒಂದು ಬಿಳೀ ಪಟ್ಟೆ, ಸೊಂಟದ ಹತ್ತಿರ ಅಂಗೈ ಅಗಲ ಪೂರ್ತಿ ಬಿಳಿ. ಎದೆ, ಹೊಟ್ಟೆ ಎಲ್ಲ ಕೆಂಪಗೇ ಇತ್ತು. ಜಿಪ್ಪಿನಿಂದ ನೀರು ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನ್ನದರಲ್ಲಿ ಜಿಪ್ಪಿನದು ಬರೀ ಚುಕ್ಕೆಗಳಷ್ಟೇ. ಬಾಗಿಲು ಕುತ್ತಿಗೆ, ಕೋಣೆ ಸೊಂಟ.

ಆಗ ಧೈರ್ಯ ಬಂತು. ಮೂರು ಮಿಲಿಮೀಟರನ್ನು 2,500ಕ್ಕೆ ಮಾರಿದೆ. ಕೊಂಡವರ ಬೆನ್ನು ನನಗಿಂತ ನೇರ, ಅವರಿಗೆ ಸರಿಯಾಗೇ ಕೂತಿತು. ಎರಡು ಮಿಲಿಮೀಟರ್ ಸೂಟನ್ನು ಹೊರದೇಶದಿಂದ ತರಿಸಿದೆ. ಕೈಗೆ ಒಂದೂವರೆ, ಮೈಗೆ ಎರಡು. ರಬ್ಬರು ಜಪಾನಿನ ಯಮಾಮೊಟೊ ಕಂಪನಿಯ 39 ಅನ್ನುವ ದರ್ಜೆಯದು, ಎಳೆದರೆ ಚೆನ್ನಾಗಿ ಬರುತ್ತೆ. ಹೊರಮೈ ನುಣುಪು, ಬಟ್ಟೆ ಇಲ್ಲ, ಗಾಳಿಗೆ ಬೇಗ ನೀರು ಜಾರಿಹೋಗುತ್ತೆ. ಸೂಟಿಗೆ 13 ಸಾವಿರದ ಹತ್ತಿರ, ಸುಂಕ, ಕೊರಿಯರ್ ಸೇರಿ ಇನ್ನೈದು. ಮೊದಲು ಬೇರೆ ಅಳತೆಯದ್ದು ಕಳಿಸಿದ್ದರು. ವಾಪಸ್ ಕಳಿಸುವ ಖರ್ಚು ನಮ್ಮದೇ ಅಂದರು. ಒಂದು ತಿಂಗಳು ಮೇಲ್ ಬರೆದು ಬರೆದು ಕೊನೆಗೆ ಅರ್ಧ ಖರ್ಚು ಅವರ ಕೈಯಿಂದ ಬಿಡಿಸಿದೆ. ಸೋಲಬೇಡಿ, ಬರೆಯುತ್ತಿರಿ.

ಅಳತೆಯ ಪಟ್ಟಿಗಳೆಲ್ಲ ಬೇರೆ ಮೈಕಟ್ಟಿಗೆ ಮಾಡಿದವು. ಎತ್ತರ ತೂಕ ಎರಡೂ ಸರಿಹೋದರೂ ನಮ್ಮ ಹೆಂಗಸರ ಸೊಂಟದ ಹಿಂದೆ ಸೂಟು ನಿಲ್ಲುವುದಿಲ್ಲ. ಹೊಸ ಸೂಟಿನಲ್ಲೂ ಕೈ ಬೀಸಿದಾಗ ಮೂರು ಡಿಗ್ರಿ ಇಳಿಯಿತು. ಮೂರು ಮಿಲಿಮೀಟರಿಗಿಂತ ಎಷ್ಟೋ ಮೇಲು, ಆದರೂ ಸಾಲದು. ಅವತ್ತು ರಾತ್ರಿ ಬ್ಲೌಸ್ ಇಸ್ತ್ರಿ ಮಾಡುವಾಗ ಹೊಳೆಯಿತು. ಬ್ಲೌಸಿಗೆ ಇಂಥದ್ದೇ ಜಾಗದಲ್ಲಿ ಟಕ್ಸ್ ಹಿಡಿದು ಬಿಗಿ ಮಾಡುತ್ತಾರಲ್ಲ, ಸೂಟಿಗೆ ಯಾಕೆ ಹಿಡಿಯಬಾರದು? ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುವ ನಮ್ಮ ಬೀದಿಯ ಟೈಲರಮ್ಮನನ್ನು ಕರೆಸಿದೆ. ಸೂಟು ಹಾಕಿ ಮುಂದಕ್ಕೆ ಬಾಗಿ, ಕೈ ಚಾಚಿ ನಿಂತೆ. ಅವರು ಬೆರಳಲ್ಲಿ ಚಿವುಟಿ ಹಿಡಿದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ನೆಟ್ಟಗೆ ನಿಂತು ಗುರುತು ಹಾಕಿಸಿಕೊಂಡರೆ ಕೆಡುತ್ತೆ, ಈಜುವ ಭಂಗಿಯಲ್ಲೇ ಹಾಕಿಸಿಕೊಳ್ಳಬೇಕು. ಟಕ್ಸ್ ಎಷ್ಟು, ಯಾವ ಆಕಾರ, ಎಲ್ಲಿ ಶುರು ಎಲ್ಲಿ ಕೊನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಟೈಲರಮ್ಮನ ಕೈ, ನನ್ನ ಎಂಟು ಗಡ್ಡೆ ಐಸ್. ನಿಮ್ಮ ಬೆನ್ನಿಗೆ ನೀವೇ ಹುಡುಕಬೇಕು.

ಕತ್ತರಿ ಹಾಕುವುದಿದೆಯಲ್ಲ, 18 ಸಾವಿರದ ಸೂಟಿಗೆ, ಅದಕ್ಕೆ ಮೂರು ವಾರ ಯೋಚಿಸಿದೆ. ಮೊದಲು ಹಳೇ ಮೌಸ್ ಪ್ಯಾಡ್ ಮೇಲೆ, ಆಮೇಲೆ ಲ್ಯಾಪ್‌ಟಾಪ್ ಹಾಕುವ ನಿಯೋಪ್ರೀನ್ (ವೆಟ್‌ಸೂಟಿನದೇ ರಬ್ಬರು) ಚೀಲದ ಮೇಲೆ ಅಭ್ಯಾಸ ಮಾಡಿದೆ. ಸೂಜಿ ಆರಪಾರು ಹೋದರೆ ಆ ತೂತಿನಿಂದಲೇ ನೀರು ಬರುತ್ತೆ, ಅದಕ್ಕೆ ಹೊಲಿಗೆ ಬೇಡ, ಅಂಟು. ಸೈಕಲ್ ಪಂಕ್ಚರ್ ಸಲ್ಯೂಷನ್ ಹಾಕಿ ನೋಡಿದೆ. ಎರಡು ಸಲ ಎಳೆದರೆ ಬಿಟ್ಟುಕೊಂಡಿತು. ಚಪ್ಪಲಿ ರಿಪೇರಿಗೆ ಹಾಕುವ ಹಳದಿ ಅಂಟು ಹಿಡಿಯಿತು. ಅಂಥ ಅಂಟುಗಳಲ್ಲಿ ಎಷ್ಟೋ ನಿಯೋಪ್ರೀನ್ ರಬ್ಬರಿನಿಂದಲೇ ಮಾಡಿದವು, ಒಂದೇ ಜಾತಿ. ಎರಡೂ ಅಂಚಿಗೆ ತೆಳುವಾಗಿ ಒಂದು ಕೋಟ್, ಒಣಗಲು ಬಿಟ್ಟು ಇನ್ನೊಂದು ಕೋಟ್, ಬೆರಳಿಗೆ ಅಂಟದ ಹಾಗಾದ ಮೇಲೆ ಅಂಚಿಗೆ ಅಂಚು ಕೂಡಿಸಿ ಒತ್ತಬೇಕು. ಹಸಿಯಿದ್ದಾಗ ಕೂಡಿಸಿದರೆ ಹಾಳು. ಒಳಗಡೆಯಿಂದ ತೆಳು ನೈಲಾನ್ ಪಟ್ಟಿ. ಒಂದು ದಿನ ಪೂರ್ತಿ ರುಬ್ಬುಗುಂಡಿನ ಕೆಳಗೆ ಇಟ್ಟಿದ್ದೆ. ಅಂಟು, ಪಟ್ಟಿ, ಟೈಲರಮ್ಮನಿಗೆ ಕೊಟ್ಟದ್ದು ಎಲ್ಲ ಸೇರಿ 900 ರೂಪಾಯಿ ಆಗಿರಬಹುದು.

ಅದೂ ಒಂದು ಸಲ ಕೆಟ್ಟಿತು. ಕುತ್ತಿಗೆ ಉಜ್ಜಿ ಗಾಯವಾಗುತ್ತೆ ಅಂತ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚುತ್ತಿದ್ದೆ. ಅದು ಬೆನ್ನಿಗೆ ಇಳಿದು ಅಂಟಿನ ತುದಿ ಎದ್ದುಬಂತು. ಮತ್ತೆ ಕೆರೆದು, ಒರೆಸಿ, ಹೊಸದಾಗಿ ಅಂಟಿಸಿದೆ. ಈಗ ಎಣ್ಣೆಯನ್ನು ಸೂಟಿನ ಹತ್ತಿರ ಬಿಡುವುದಿಲ್ಲ, ವ್ಯಾಸಲೀನ್ ಕೂಡ ಇಲ್ಲ. ಕುತ್ತಿಗೆಗೆ ಬೇರೆ ಒಂದು ಹಚ್ಚುತ್ತೇನೆ. ಗಾಯವೂ ಆಗುವುದಿಲ್ಲ, ಕಾಲರಿನಿಂದ ನೀರೂ ಒಳಗೆ ಬರುವುದಿಲ್ಲ. ಅದೇನು ಅಂತ ಕೇಳಬೇಡಿ. ಅದನ್ನು ಹುಡುಕಲು ಒಂದು ಮಳೆಗಾಲ ಹಿಡಿಯಿತು.

ಟಕ್ಸ್ ಹಿಡಿದ ಮೇಲಿನ ಪರೀಕ್ಷೆ ಅಕ್ಟೋಬರಿನಲ್ಲಿ. ನೀರು 16. ಕೂತಾಗ ಬೆನ್ನಿನ ಹತ್ತಿರ 26. ಕೈ ಬೀಸಿ ಹತ್ತು ನಿಮಿಷಕ್ಕೆ 24.5. ನಂಬಿಕೆ ಬರದೆ ಇನ್ನೂ ಹತ್ತು ನಿಮಿಷ ಬೀಸಿದೆ, 24.5ರಲ್ಲೇ ನಿಂತಿತು. ಮೂರು ಮಿಲಿಮೀಟರ್ ಸೂಟು 20ಕ್ಕೆ ಬಿದ್ದಿತ್ತು, ನೆನಪಿರಲಿ. ದಪ್ಪ ಕಡಿಮೆ, ಬೆಚ್ಚಗೆ ಜಾಸ್ತಿ. ಬೀಟ್‌ರೂಟ್ ಬನಿಯನ್ ಕೂಡ ಬೆನ್ನಿನಲ್ಲಿ ಕೆಂಪಗೇ ಹೊರಬಂತು. ಆ ಬನಿಯನ್ನನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಡಿಸೆಂಬರ್ ಕೊನೆಗೆ ಮತ್ತೆ ತೊಣ್ಣೂರು. ಕೆರೆಯಲ್ಲಿ ವೈರು ಗೀರು ಕಟ್ಟಿಕೊಳ್ಳಲಿಲ್ಲ. ಅಲ್ಲಿ ನನ್ನ ಅಳತೆಗೋಲು ಬೇರೆ. ತೆಪ್ಪದಲ್ಲಿ ಕೂತ ತಂಗಿ ಮಗ ಹತ್ತು ನಿಮಿಷಕ್ಕೊಮ್ಮೆ, ಒಂದು ನಿಮಿಷಕ್ಕೆ ನನ್ನ ಕೈ ಹೊಡೆತ ಎಷ್ಟು ಅಂತ ಎಣಿಸುತ್ತಾನೆ. ಚಳಿ ಒಳಗೆ ಇಳಿದರೆ ನಮಗೆ ಗೊತ್ತಾಗುವ ಮೊದಲೇ ಹೊಡೆತ ಕಡಿಮೆಯಾಗುತ್ತೆ. ಇಂಗ್ಲಿಷ್ ಕಾಲುವೆ ಈಜುವವರ ದೋಣಿಯಲ್ಲೂ ಹೀಗೇ ಎಣಿಸುತ್ತಾರೆ. ಹಿಂದಿನ ಚಳಿಗಾಲದಲ್ಲಿ ಅರ್ಧ ಗಂಟೆ ಆಗುವಷ್ಟರಲ್ಲಿ 54ರಿಂದ 46ಕ್ಕೆ ಇಳಿದಿತ್ತು. ಈ ಸಲ ಒಂದು ಗಂಟೆಗೆ 53. ಒಂದೂಮುಕ್ಕಾಲು ಗಂಟೆಗೆ 52. ತೆಪ್ಪದವರು ಬಲೆ ಎತ್ತಲು ಹೋಗಬೇಕಿತ್ತು, ಅದಕ್ಕೇ ಹೊರಗೆ ಬಂದೆ. ಇಲ್ಲದಿದ್ದರೆ ಎರಡು ಗಂಟೆ ದಾಟುತ್ತಿದ್ದೆ.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳೂ ಆದವು. ನೀರಿಗಿಳಿಯುವ ಮುಂಚೆ ಫ್ಲಾಸ್ಕಿನಿಂದ ಉಗುರುಬೆಚ್ಚಗಿನ ನೀರನ್ನು ಕಾಲರಿನೊಳಗೆ ಸುರಿದುಕೊಂಡು ನೋಡಿದೆ. ಮೊದಲ ಐದಾರು ನಿಮಿಷ ಸುಖ, ಆಮೇಲೆ ಏನೂ ವ್ಯತ್ಯಾಸವಿಲ್ಲ. ಉಸಿರು ಹಿಡಿದುಕೊಳ್ಳುವ ಆ ಮೊದಲ ಎರಡು ನಿಮಿಷಕ್ಕೆ ಹೆದರುವವರು ಮಾಡಬಹುದು. ಸಿಲಿಕಾನ್ ಟೋಪಿ ಒಂದರ ಮೇಲೊಂದು ಎರಡು ಹಾಕಿದರೆ ನಿಜವಾಗಿಯೂ ಲಾಭ ಇದೆ, 150 ರೂಪಾಯಿಯ ಲಾಭ. ಖಾಲಿ ಹೊಟ್ಟೆಯಲ್ಲಿ ಇಳಿದ ದಿನಗಳಿಗಿಂತ ರಾಗಿ ಗಂಜಿ ಕುಡಿದು ಇಳಿದ ದಿನ ನಡುಕ ಕಡಿಮೆ. ಇದಕ್ಕೆ ಅಂಕಿ ಇಲ್ಲ, ನನ್ನ ಮೈ ಹೇಳಿದ್ದು. ಕಾಲಿಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸೂಟು ಏರಿಸುವುದು ನಿಮಗೆಲ್ಲ ಗೊತ್ತೇ ಇದೆ. ನುಣುಪು ರಬ್ಬರಿಗೆ ಕೈಗೂ ಹಾಕಿಕೊಳ್ಳಿ. ನನ್ನ ತೋಳಿನಲ್ಲಿ ಉಗುರಿನ ಎರಡು ಗಾಯಗಳಿವೆ, ಎರಡೂ ಅವಸರದಲ್ಲಿ ಆದವು.

ವಿಂಡರ್‌ಮಿಯರ್‌ಗೆ ಹೋದದ್ದು ತಂಗಿಯ ಮಗಳ ಮನೆಗೆ ಅಂತ. ಮ್ಯಾಂಚೆಸ್ಟರ್‌ನಲ್ಲಿದ್ದಾಳೆ. ಹದಿನೇಳು ಹದಿನೆಂಟು ಕಿಲೋಮೀಟರ್ ಉದ್ದದ ಸರೋವರ, ಇಂಗ್ಲೆಂಡಿನಲ್ಲಿ ಅದೇ ದೊಡ್ಡದು. ದಕ್ಷಿಣದ ತುದಿಯಲ್ಲಿ ಫೆಲ್ ಫುಟ್ ಅಂತ ಒಂದು ಪಾರ್ಕ್ ಇದೆ, ಹುಲ್ಲಿನಿಂದ ನೇರ ನೀರಿಗೆ ಇಳಿಯಬಹುದು. ಅಲ್ಲಿ ಇಳಿದವರಲ್ಲಿ ಬಹಳ ಜನರ ಮೈಮೇಲೆ ದಪ್ಪ ಸೂಟುಗಳೇ. ಮುಖ ನೀರಿಗಿಟ್ಟ ಕೂಡಲೇ ಹಣೆ ಹಿಂಡಿದ ಹಾಗಾಯಿತು. ತೊಟ್ಟಿಯಲ್ಲಿ ಮುಖ ಮುಳುಗಿಸಿರಲಿಲ್ಲ, ಅದನ್ನು ಮರೆತಿದ್ದೆ. ಮೂರು ನಿಮಿಷ ತಲೆ ಎತ್ತಿಯೇ ಈಜಿದೆ, ಉಸಿರು ಸಮಕ್ಕೆ ಬಂದ ಮೇಲೆ ಇಳಿಸಿದೆ. ಬೆನ್ನಿನ ಮೇಲೆ ಆ ತಣ್ಣನೆಯ ಎಳೆ ಬರುತ್ತಾ ಅಂತ ಕಾಯುತ್ತಲೇ ಇದ್ದೆ. ಬರಲಿಲ್ಲ. ಪಾದ ಮಾತ್ರ ಮರಗಟ್ಟಿದವು, ಸಾಕ್ಸ್ ಹಾಕಿರಲಿಲ್ಲ. ಪಕ್ಕದಲ್ಲಿ ಕಯಾಕ್ ಹುಟ್ಟು ಹಾಕುತ್ತಿದ್ದ ತಂಗಿಯ ಮಗಳು "ದೊಡ್ಡಮ್ಮಾ, ಒಂದು ಗಂಟೆ ಆಗ್ತಾ ಬಂತು, ಸಾಕು" ಅಂದಾಗಲೇ ಗೊತ್ತಾದದ್ದು. ಆ ಒಂದು ಗಂಟೆಯಲ್ಲಿ ನನ್ನ ಭುಜ ಒಂದು ಸಲವೂ ನೆನಪಿಗೆ ಬರಲಿಲ್ಲ.

ಒಟ್ಟು ಖರ್ಚು ಕೇಳುತ್ತೀರಿ ಅಂತ ಗೊತ್ತು. ಎರಡು ಸೂಟು, ಮಾರಿದ್ದು ಕಳೆದು 20 ಸಾವಿರ. ಐಸ್ 4 ಸಾವಿರ, ತೆಪ್ಪ 4 ಸಾವಿರದ ಮೇಲೆ, ಚಿಲ್ಲರೆ ಸಾಮಾನು ಒಂದೂವರೆ. ಪೆಟ್ರೋಲ್ ಬಿಟ್ಟು 30 ಸಾವಿರ ಅಂದುಕೊಳ್ಳಿ. ನಾನು ವಿಚಾರಿಸಿದ ಐದು ಮಿಲಿಮೀಟರ್ ಸೂಟಿಗೆ ಇದಕ್ಕಿಂತ ಜಾಸ್ತಿ ಹೇಳಿದ್ದರು. ನನ್ನ ದಾರಿ ಗೊತ್ತಿದ್ದು ಹೊರಟರೆ ನಿಮಗೆ 20 ಸಾವಿರದಲ್ಲಿ ಮುಗಿಯುತ್ತೆ.

ಇದು 15 ಡಿಗ್ರಿವರೆಗಿನ ಮಾತು. ಅದಕ್ಕಿಂತ ಕೆಳಗೆ ನಾನು ಹೋಗಿಲ್ಲ. ಈ ಚಳಿಗಾಲ 13ರಲ್ಲಿ ತೊಟ್ಟಿಯೊಳಗೆ ಕೈ ಬೀಸಿ ನೋಡಬೇಕು ಅಂತ ಇದ್ದೇನೆ, ಈ ಸಲ ಮುಖವನ್ನೂ ಮುಳುಗಿಸಿ.

ಬ್ಯಾಚಿನಲ್ಲಿ ಹನ್ನೊಂದನೇ ನಿಮಿಷದ ಮಾತು ಹೇಳಿದವರು ಮೊನ್ನೆ ಮನೆಗೆ ಬಂದಿದ್ದರು, ತಮ್ಮ ಸೂಟು ಹಿಡಿದುಕೊಂಡು. ಹಾಕಿಸಿ ಬಾಗಿಸಿ ನೋಡಿದೆ. ಅವರದು ಸೊಂಟ ಸರಿಯಾಗಿದೆ, ಕುತ್ತಿಗೆಯ ಹಿಂದೆ ಒಂದು ಬೆರಳು ಸಡಿಲ. ಶನಿವಾರ ಬೆಳಗ್ಗೆ ಏಳಕ್ಕೆ ಬನ್ನಿ, ಹಳೇ ಬಿಳೀ ಬನಿಯನ್ ಒಂದು ತನ್ನಿ ಅಂದಿದ್ದೇನೆ. ಐಸ್ ಫ್ಯಾಕ್ಟರಿಗೆ ಎರಡು ಗಡ್ಡೆ ಹೇಳಿ ಆಗಿದೆ.